ಕಡೆಗೆ ಹೋದವರು

ಎರಡು ಭಾಷೆ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವ ಮನೆಯಲ್ಲಿ ನಗುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ತಮಿಳು ಸೀಮೆಯ ನಲ್ಲಂಪಳ್ಳಿ ಹತ್ತಿರದ ನಮ್ಮೂರಿನಲ್ಲಿ ಮೊದಲು ಬಿ.ಎ. ಮಾಡಿದ ಹೆಂಗಸು ನಾನು. ಓದಿದ್ದೆಲ್ಲ ತಮಿಳಿನಲ್ಲಿ, ಕನ್ನಡದ ಅಕ್ಷರ ಆಮೇಲೆ ನಾನೇ ಕಲಿತೆ. ಮನೆಯಲ್ಲಿ ಯಾವ ಮಾತು ಎಲ್ಲಿ ಎಡವಿತು ಎಂಬುದನ್ನು ತಾರೀಖು ಹಾಕಿ ನೋಟುಬುಕ್ಕಿನಲ್ಲಿ ಬರೆದಿಡುತ್ತೇನೆ. ನಮ್ಮ ಕನ್ನಡ ನನ್ನೊಂದಿಗೇ ನಿಂತುಹೋಗಬಾರದು, ಮೊಮ್ಮಕ್ಕಳ ಬಾಯಲ್ಲೂ ಇರಬೇಕು ಎಂದು ಮಗನಿಗೆ ಮಂಡ್ಯದಿಂದ ಹೆಣ್ಣು ತಂದೆ.

೧. ಕಡೆ

ಮದುವೆಯಾದ ವಾರಕ್ಕೆ ಸೊಸೆಯ ತಂದೆ, ನಮ್ಮ ಬೀಗರು, ಫೋನ್ ಮಾಡಿ ನಮ್ಮ ಯಜಮಾನರನ್ನು ಕೇಳಿದರು. ಮಗ, "ಅಪ್ಪ ಕಡೆಗೆ ಓಗವ್ರೆ ಮಾವ" ಅಂದ. ಅರ್ಧ ಗಂಟೆ ಬಿಟ್ಟು ಮತ್ತೆ ಫೋನು.

"ಇನ್ನೂ ಕಡೇಲೇ ಅವ್ರೆ ಮಾವ. ನಾಕು ಜನ ಸಿಕ್ಕುದ್ರೆ ಪೇಪರ್ ಓದ್ಕಂಡು ಅಲ್ಲೇ ಕೂತ್ಬುಡ್ತಾರೆ."

"ನಾಕು ಜನಾನಾ? ಒಟ್ಟಿಗೇನಾ?"

ನಮ್ಮಲ್ಲಿ ಕಡೆ ಎಂದರೆ ಅಂಗಡಿ. ಅವರಲ್ಲಿ ಕಡೆಗೆ ಹೋಗುವುದಕ್ಕೆ ಚೊಂಬು ಬೇಕು. ಸೊಸೆ ಇದನ್ನು ತವರಿಗೆ ವಿವರಿಸುವಷ್ಟರಲ್ಲಿ ತಡವಾಗಿತ್ತು. ಬೀಗರು ಹೂವು ಹಣ್ಣಿನ ಜೊತೆ ತ್ರಿಫಲ ಚೂರ್ಣದ ಡಬ್ಬಿ ಹಿಡಿದು ಬಂದಿಳಿದರು.

೨. ಮನೆ

ಅದೇ ಸಲ ಮಗ ಹೆಮ್ಮೆಯಿಂದ, "ತೊಪ್ಪೂರು ರೋಡಲ್ಲಿ ಒಂದು ಮನೆ ತಕ್ಕಂಡಿವ್ನಿ, ಬನ್ನಿ ಮಾವ" ಎಂದು ಕರೆದೊಯ್ದ. ಹೋಗಿ ನೋಡಿದರೆ ನಾಲ್ಕು ಮೂಲೆಗೆ ನಾಲ್ಕು ಕಲ್ಲು, ನಡುವೆ ಒಂದು ಮೇಕೆ.

"ಮನೆ ಎಲ್ಲಿ ಅಳಿಯಂದ್ರೇ?"

"ನೀವು ನಿಂತಿರಾದೇ ಮನೆ!"

ತಮಿಳಿನಲ್ಲಿ ಖಾಲಿ ಸೈಟಿಗೆ ಮನೈ ಎನ್ನುತ್ತಾರೆ. ನಮ್ಮ ಬಾಯಲ್ಲಿ ಅದೂ ಮನೆಯೇ. ಬೀಗರು ಮೇಲೆ ನೋಡಿದರು, ಮೇಕೆ ನೋಡಿದರು. ಆಮೇಲೆ ಎರಡು ಹೆಜ್ಜೆ ಹಿಂದೆ ಹೋಗಿ, ಚಪ್ಪಲಿ ಬಿಟ್ಟು ಒಳಗೆ ಬಂದರು.

೩. ತೂಕ

ಮೊಮ್ಮಗಳು ಹುಟ್ಟಿದಳು. ಮೂರು ವರ್ಷದವಳು ಒಂದು ದಿನ ಊಟ ಮುಗಿಸಿ, "ಅಜ್ಜಿ, ತೂಕ ಬತ್ತಾ ಐತೆ" ಎಂದು ಕಣ್ಣುಜ್ಜಿದಳು. ತಮಿಳಿನ ತೂಕ್ಕಂ, ಅಂದರೆ ನಿದ್ದೆ.

"ಅರ್ಧ ಮುದ್ದೆಗೇ ತೂಕ ಬಂದ್ಬುಡ್ತೇನೇ?" ಎಂದಳು ಸೊಸೆ.

ನಾನು ನೋಟುಬುಕ್ಕಿನಲ್ಲಿ ಕೆಂಪು ಪೆನ್ನಿನಿಂದ 'ತಪ್ಪು' ಎಂದು ಬರೆದೆ. ಅತ್ತೆ ಸೊಸೆ ಸೇರಿ ಮಗುವಿನ ಒಂದೊಂದು ಮಾತನ್ನೂ ತಿದ್ದಿದೆವು. ತಿಂಗಳೊಳಗೆ ಮಗು ಕನ್ನಡವನ್ನೇ ಬಿಟ್ಟಿತು. "ನಿದ್ದೆ ಬಂತಾ ಪುಟ್ಟಿ?" ಎಂದರೆ, "ತೂಕ್ಕಂ ವರುದು ಪಾಟ್ಟಿ" ಎಂದು ತಮಿಳಿನಲ್ಲೇ ಉತ್ತರ.

ಸೊಸೆಯೇ ದಾರಿ ತೋರಿಸಿದಳು. "ಅತ್ತೆ, ಈ ಮನೇಲಿ ನಾಲ್ಕು ಜನಕ್ಕೂ ತೂಕ ಅಂದ್ರೆ ನಿದ್ದೆ. ನಾನೊಬ್ಳು ಅಲ್ಲ ಅಂದ್ರೆ ಆಯ್ತದಾ? ಆ ಕೆಂಪು ಪೆನ್ನು ಎತ್ತಿಡಿ, ನಂಗೂ ತೂಕ ಬತ್ತಾದೆ."

೪. ಮತ್ತೆ ಕಡೆ

ತಿದ್ದುವುದು ನಿಂತಿತು. ಮಗುವಿನ ಕನ್ನಡ ಮೆಲ್ಲಗೆ ಮರಳಿತು, ಆದರೆ ನಮ್ಮ ಕಿವಿಗೆ ಮಾತ್ರ. ಹೊರಗಿನವರ ಮುಂದೆ ಬಾಯೇ ಬಿಡುತ್ತಿರಲಿಲ್ಲ.

ಹೋದ ತಿಂಗಳು ಮಂಡ್ಯಕ್ಕೆ ಹೋಗಿದ್ದೆವು. ಜಗಲಿ ತುಂಬ ನೆಂಟರು. ಮಗು ನನ್ನ ಸೆರಗು ಹಿಡಿದು ತುಟಿ ಬಿಚ್ಚದೆ ಕೂತಿತ್ತು. ಬೀಗರು ಎದ್ದು, "ಕಡೆಗೆ ಹೋಗ್ಬುಟ್ಟು ಬತ್ತೀನಿ" ಎಂದು ಚೊಂಬು ಹಿಡಿದು ತೋಟದತ್ತ ಹೊರಟರು. ಮಗು ಧಡಕ್ಕನೆ ಎದ್ದು ಬೀದಿಗೆಲ್ಲ ಕೇಳುವಂತೆ ಕೂಗಿತು:

"ತಾತಾ, ನಂಗೂ ಬೋಂಡಾ ತಕ್ಕಂಡು ಬಾ! ಬಿಸಿಯಾಗಿರ್ಬೇಕು!"

ಜಗಲಿಯೆಲ್ಲ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕು ಕಣ್ಣೊರೆಸಿಕೊಂಡೆ. ಅಷ್ಟು ಜನರ ಮುಂದೆ, ಹೆದರದೆ, ಇಡೀ ಮಾತು ಕನ್ನಡದಲ್ಲಿ! ಊರಿಗೆ ಬಂದವಳೇ ನೋಟುಬುಕ್ಕಿನಲ್ಲಿ 'ತಪ್ಪು' ಎಂದಿದ್ದನ್ನೆಲ್ಲ ಹೊಡೆದು 'ನಮ್ಮದು' ಎಂದು ಬರೆದೆ.

ಈಗ ಬೀಗರು ಕಡೆಗೆ ಹೊರಟರೆ ಬೀಗಿತ್ತಿ ಒಳಗಿನಿಂದಲೇ ಕೇಳುತ್ತಾರಂತೆ: "ಯಾರ ಕಡೆ? ನಮ್ದಾ, ಅವರ್ದಾ? ಚೊಂಬು ಕೊಡ್ಲಾ, ಚೀಲ ಕೊಡ್ಲಾ?"