ಕಾಕಾನ ಪೆಟ್ರೋಲ್ ಬೇಡದ ಕಾರುಗಳು

ನಮ್ಮ ಕಾಕಾನ ಹತ್ತಿರ ಇದ್ದಷ್ಟು ಹಳೆಯ ಕಾರುಗಳು ಪುಣೆಯ ಯಾವ ಶ್ರೀಮಂತನ ಹತ್ತಿರವೂ ಇರಲಿಲ್ಲ! ಇದನ್ನು ನಾನು ಎಲ್ಲಿ ಬೇಕಾದರೂ ಪ್ರಮಾಣ ಮಾಡಿ ಹೇಳಬಲ್ಲೆ. ಜೊತೆಗೆ ಇನ್ನೊಂದು ಮಾತನ್ನೂ ಹೇಳಿಬಿಡುವುದು ಒಳ್ಳೆಯದು: ಕಾಕಾನಿಗೆ ಕಾರು ನಡೆಸಲು ಬರುತ್ತಿರಲಿಲ್ಲ. ಶಿವಾಜಿನಗರದ ಆಫೀಸಿಗೆ, ಸೇತುವೆಗಳ ನಕ್ಷೆ ಬರೆಯುವ ನೌಕರಿಗೆ, ಅವನು ಹೋಗುತ್ತಿದ್ದದ್ದು ಸೈಕಲ್ಲಿನ ಮೇಲೆ. ಕಾರುಗಳೆಲ್ಲ ಮನೆಯ ಕಂಪ್ಯೂಟರಿನೊಳಗಿದ್ದವು.

ಇದು ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಆಫೀಸಿನಲ್ಲಿ ಕಂಪ್ಯೂಟರಿನ ಮೇಲೆ ನಕ್ಷೆ ತೆಗೆಯಲು ಕಲಿತ ಕಾಕಾ, ಮನೆಗೊಂದು ಸೆಕೆಂಡ್ ಹ್ಯಾಂಡ್ ಯಂತ್ರ ತಂದು, ಸೇತುವೆ ಬಿಟ್ಟು ಕಾರು ಕಟ್ಟತೊಡಗಿದ. ಮೊದಲು ಮೀನಿನ ಬಲೆಯಂಥ ಗೆರೆಗಳು. ಆಮೇಲೆ ಆ ಬಲೆಗೆ ತಗಡು, ಬಣ್ಣ, ಬೆಳಕು. ಕೊನೆಗೆ ಫೋಟೊ ಎಂದೇ ನಂಬುವಂಥ ಕಾರು! ಒಮ್ಮೆ ಅಮೆರಿಕದ ಹಾಟ್ ರಾಡ್ ಮಾಡಿದ್ದ. ಹಳೆಯ ಕಾರಿಗೆ ದೊಡ್ಡ ಎಂಜಿನ್ ಜಡಿದು, ಬಾನೆಟ್ ಕಿತ್ತೆಸೆದು ಓಡಿಸುವ ಗಾಡಿ ಅದು. ಕಾಕು, ಅಂದರೆ ನಮ್ಮ ಚಿಕ್ಕಮ್ಮ, ಸೆರಗಿಗೆ ಕೈ ಒರೆಸುತ್ತ ಬಂದು ನೋಡಿದಳು.

"ಅಯ್ಯ, ಇದರ ಕರುಳು ಹೊರಗ ಬಂದದಲ್ರಿ! ಮುಚ್ಚಳ ಎಲ್ಲದ?"

"ಇದಕ್ಕ ಮುಚ್ಚಳ ಇರೂದಿಲ್ಲ. ಅದ ಫ್ಯಾಶನ್."

"ಹಂಗಾರ ನಾಳೆಯಿಂದ ನಾನೂ ಸಾರಿನ ಪಾತೇಲಿ ಮುಚ್ಚೂದಿಲ್ಲ. ಫ್ಯಾಶನ್ ಅಂತೀನಿ!"

ಕಾರಿನ ಬಂಪರ್ ಹೊಳೆಯಬೇಕಲ್ಲ? ಹೊಳಪಿಗೆ ಸ್ವಂತ ಬಣ್ಣವಿಲ್ಲ, ಸುತ್ತಲಿನದು ಅದರಲ್ಲಿ ಬಾಗಿ ಕಾಣುವುದೇ ಹೊಳಪು ಎಂದು ಕಾಕಾನ ವಾದ. ಅದನ್ನು ಅಭ್ಯಾಸ ಮಾಡಲು ಕಾಕುವಿನ ಸ್ಟೀಲ್ ತಂಬಿಗೆಯನ್ನು ದಿನಾ ಬೆಳಿಗ್ಗೆ ಗ್ಯಾಲರಿಯಲ್ಲಿ ಬಿಸಿಲಿಗೆ ಹಿಡಿದು ಮೆಲ್ಲಗೆ ತಿರುಗಿಸುತ್ತ ನಿಲ್ಲುತ್ತಿದ್ದ. ಎದುರುಮನೆಯ ಮರಾಠಿ ಅಜ್ಜಿ ಮೊದಮೊದಲು ಸುಮ್ಮನೆ ನೋಡಿದಳು. ಆಮೇಲೆ ಅಲ್ಲಿಂದಲೇ ಕೈಮುಗಿಯತೊಡಗಿದಳು!

ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ಬೆಳಗಾವಿ ಕಡೆಯ ಒಬ್ಬ ವಯಸ್ಸಾದ ಡಾಕ್ಟರಿದ್ದರು. ಅವರ ಹತ್ತಿರ ನಿಜವಾದ ಕಾರಿತ್ತು: ದುಂಡು ದೀಪಗಳ, ಕಾಲಿಟ್ಟು ಹತ್ತಲು ಪಕ್ಕದಲ್ಲಿ ಹಲಗೆಯಿದ್ದ ವಿಲಾಯತಿ ಕಾರು. ಕ್ಲಚ್ ಒತ್ತಲು ಮಂಡಿ ಕೇಳದೆ ಅದನ್ನು ಮಾರಿದ್ದರು. ಕೊಂಡ ಮುಂಬಯಿಯವರು ದೀಪಾವಳಿ ಮುಗಿದೊಡನೆ ಒಯ್ಯುವವರಿದ್ದರು.

"ಹೋಗೂದರೊಳಗ ಇದನ್ನ ಪೂರಾ ನಿಮ್ಮ ಡಬ್ಬ್ಯಾಗ ಇಳಿಸಿಕೊಳ್ರಿ," ಎಂದರು ಡಾಕ್ಟರು ಕಾಕಾನಿಗೆ. "ಫೋಟೊದಾಗ ಒಂದ ಮಗ್ಗಲ ಅಷ್ಟ ಕಾಣ್ತದ. ನನಗ ಪೂರಾ ಬೇಕು."

ಕಾಕಾ ಮಾತು ಕೊಟ್ಟ. ಅಲ್ಲಿಗೆ ನಮ್ಮೆಲ್ಲರ ದೀಪಾವಳಿ ಮುಗಿಯಿತು!

ಅಳತೆಗೆ ನನ್ನನ್ನೂ ಕರೆದೊಯ್ದ. ಟೇಪಿನ ತುದಿ ಹಿಡಿಯುವುದು ನನ್ನ ಕೆಲಸ. ಕಾಕಾ ರಸ್ತೆಯಂಚಿಗೆ ನಿಲ್ಲಿಸಿದ್ದ ಕಾರಿನ ಕೆಳಗೆ ತೂರಿದ. ಹೊರಗೆ ಪಾದಗಳಷ್ಟೇ ಉಳಿದವು. ಜನ ಸೇರಿದರು. ಒಬ್ಬ ಪೊಲೀಸ್ ಬಂದ. ಪಾದಗಳನ್ನು ನೋಡಿದ, ಕಾರನ್ನು ನೋಡಿದ, ಟೋಪಿ ತೆಗೆದು, ಇವರು ನಿಮಗೆ ಏನಾಗಬೇಕು ಎಂದು ನನ್ನನ್ನು ಮರಾಠಿಯಲ್ಲಿ ಮೆಲ್ಲಗೆ ಕೇಳಿದ. ನಾನು ಗಾಬರಿಯಲ್ಲಿ "ಕಾಕಾ" ಎಂದೆ. ಅವನು ನನ್ನ ಭುಜದ ಮೇಲೆ ಕೈಯಿಟ್ಟ. ಆಗ ಕೆಳಗಿನಿಂದ ದನಿ ಬಂತು:

"ಯಾರ್ರಿ ಅದು? ಸ್ವಲ್ಪ ಬಾಜೂಕ ಸರೀರಿ, ಬೆಳಕ ಬರ್ಲಿ!"

ಪೊಲೀಸ್ ಹಿಂದಕ್ಕೆ ಜಿಗಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಾಕಾ ಹಿಡಿದ ಕೆಲಸ ಬೇಗ ಮುಗಿಸುವವನೇ? ಡಿಕ್ಕಿಯೊಳಗೆ ಯಾರಿಗೂ ಕಾಣದ ನಟ್ಟುಗಳಿಗೆ ತುಕ್ಕು ಹಚ್ಚುತ್ತಲೇ ಒಂದು ವಾರ ಕಳೆದ! ತಿರುಗಿಸಿ ನೋಡುವ ಒರಟು ಕಾರು ಆಗಿಂದಾಗಲೇ ಕಾಣುತ್ತಿತ್ತು, ಆದರೆ ಫೋಟೊದಂಥ ಒಂದೊಂದು ಚಿತ್ರ ಮೂಡಲು ಇಡೀ ದಿನ ಬೇಕು. ವೋಲ್ಟೇಜ್ ಕುಸಿದರೆ ಎಲ್ಲ ಮೊದಲಿನಿಂದ. ಆದ್ದರಿಂದ ಮನೆಯಲ್ಲಿ ಮಿಕ್ಸರ್ ಬಂದ್.

"ನಿಮ್ಮ ಕಾರ ಎದ್ದು ನಿಂದ್ರಲಿಕ್ಕೆ ನನ್ನ ಮಿಕ್ಸರ್ ಮಲಗಬೇಕೇನು? ಹೂರಣ ಯಾವಾಗ ರುಬ್ಬಲಿ?" ಎಂದಳು ಕಾಕು.

"ಗುರುವಾರ ರುಬ್ಬು."

ಪುಣೆಯಲ್ಲಿ ಗುರುವಾರ ಕರೆಂಟೇ ಇರುತ್ತಿರಲಿಲ್ಲ!

ಕಾರು ಮುಂಬಯಿಗೆ ಹೋಯಿತು. ಅದರ ಮುಂದಿನ ವಾರ ಡಾಕ್ಟರು ರಿಕ್ಷಾ ಮಾಡಿಕೊಂಡು ಬಂದರು. ಕಾಕಾ ಬೆವರುತ್ತ ಯಂತ್ರದ ಮುಂದೆ ಕುಳಿತ.

"ಬಣ್ಣ ಸ್ವಲ್ಪ ತಿಳಿ ಆತೇನ್ರಿ?" ಎಂದರು ಡಾಕ್ಟರು.

"ಬಿಸಲಾಗ ನಿಂತದರಿ, ಅದಕ್ಕ. ತಡೀರಿ, ನೆರಳಿಗೆ ಹಚ್ತೀನಿ," ಎಂದ ಕಾಕಾ, ಕಾರನ್ನು ನಿಜಕ್ಕೂ ನೆರಳಿಗೆ ತಂದ!

ಡಾಕ್ಟರು ತಲೆಯಾಡಿಸಿದರು. "ಬಾಗಲಾ ತೆಗೀತಾವೇನು?"

ಎಂಥ ಪ್ರಶ್ನೆ! ಕಾಕಾ ಎಡಗಡೆಯ ಬಾಗಿಲು ತೆರೆದ. ಡಾಕ್ಟರು ಮುಂದೆ ಬಾಗಿದರು. ಒಳಗಿನ ಚರ್ಮದ ಸೀಟು ಬಾಗಿಲ ಬದಿಗೆ ತುಸು ತಗ್ಗಾಗಿತ್ತು.

"ಇದನ್ನೂ ಅಳತಿ ತಗೊಂಡಿದ್ರೇನು?"

"ಹೌದ್ರಿ. ಯಾರೋ ಭಾಳ ವರ್ಷ ಬಾಗಲಕ್ಕ ಆತು ಕೂತಾರ."

ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ನಮ್ಮಾಕಿಗೆ ಗಾಳಿ ಬೇಕಾಗ್ತಿತ್ತು," ಎಂದರು. "ಎಂಥಾ ಥಂಡಿ ಇರಲಿ, ಕಿಡಕಿ ಗಾಜು ಏರಸಗೊಡ್ತಿದ್ದಿಲ್ಲ. ಆಕಿ ಹೋದ ಮ್ಯಾಲೆ ನಾನ ಏರಸಿಟ್ಟಿದ್ದೆ."

ಕಾಕಾ ತೆರೆದ ಬಾಗಿಲನ್ನು ಮೆಲ್ಲಗೆ ಮುಚ್ಚಿದ. ಮೌಸ್ ಹಿಡಿದು, ಆ ಬದಿಯ ಗಾಜನ್ನು ಪೂರ್ತಿ ಕೆಳಗಿಳಿಸಿದ.