ಸಿದರಾಯನ ಮುಖದ ಕಾಳಜಿ

ಎಲ್ಲ ಅನಾಹುತಕ್ಕೂ ಒಂದೇ ಒಂದು ಮಾತು ಕಾರಣ. ಖಾನಾಪುರದ ಬಂಡೆಪ್ಪನವರು ತಮ್ಮ ಮಗಳಿಗೆಂದು ಬಂದ ವರನ ಫೋಟೊ ಹಿಡಿದು, ಕಣ್ಣು ಕಿರಿದು ಮಾಡಿ, "ಹುಡುಗ ಚೊಲೋ ಅದಾನ. ಆದರ ಮಾರಿ ಯಾಕೋ ಭಾಳ ದಣದಂಗ ಕಾಣತೈತಿ," ಎಂದಿದ್ದರಂತೆ. ಮಧ್ಯಸ್ಥರು ಅದನ್ನು ಹೊಟ್ಟೆಯಲ್ಲಿ ಹಾಕಿಕೊಂಡು ಸುಮ್ಮನಿರಬಹುದಿತ್ತು. ಆದರೆ ಮಧ್ಯಸ್ಥರ ಹೊಟ್ಟೆಯಲ್ಲಿ ಊಟ ನಿಲ್ಲುತ್ತದೆಯೇ ಹೊರತು ಮಾತು ನಿಲ್ಲುವುದಿಲ್ಲ. ಅದು ಇದ್ದದ್ದು ಇದ್ದ ಹಾಗೆಯೇ ಬೆಳಗಾವಿಗೆ ಬಂದು ಸಿದರಾಯನ ಕಿವಿಗೆ ಬಿತ್ತು.

ಸಿದರಾಯನಿಗೆ ಮೂವತ್ತನಾಲ್ಕು ವರ್ಷ. ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಭಟ್ಟಿಯ ಮುಂದೆ ನಿಂತು ಕಬ್ಬಿಣ ಕರಗಿಸುವ ಕೆಲಸ. ಅಲ್ಲಿ ನಿಂತವರ ಮುಖ ದಣಿಯದೆ ಅರಳುತ್ತದೆಯೇ? ಆದರೆ ಬಂಡೆಪ್ಪನವರ ಮಗಳು ತ್ರಿವೇಣಿಯ ಜೊತೆ ಅವನು ಒಮ್ಮೆ ಫೋನಿನಲ್ಲಿ ಮಾತಾಡಿದ್ದ. ಖಾನಾಪುರದ ಪತ್ತಿನ ಸಂಘದಲ್ಲಿ ಕೆಲಸಕ್ಕಿದ್ದ ಆಕೆ ಮಾತಿನ ನಡುವೆ ಒಮ್ಮೆ ಮನಸಾರೆ ನಕ್ಕಿದ್ದಳು. ಆ ನಗು ಅವನ ತಲೆ ಹೊಕ್ಕು ಅಲ್ಲೇ ಮನೆ ಮಾಡಿತ್ತು. ಈ ಹುಡುಗಿ ಕೈತಪ್ಪಿದರೆ ತನಗಿನ್ನು ಮದುವೆಯೇ ಇಲ್ಲ ಎಂದು ಅವನಿಗೆ ಖಚಿತವಾಗಿಬಿಟ್ಟಿತ್ತು. ರವಿವಾರ ಸಂಜೆ ಹೆಣ್ಣು ನೋಡಲು ಹೋಗುವುದಿತ್ತು. ಅಷ್ಟರೊಳಗೆ ಮುಖದ ದಣಿವು ಇಳಿಯಬೇಕಿತ್ತು.

ಫೌಂಡ್ರಿಯ ಆಫೀಸಿನಲ್ಲಿ ಬಿಲ್ ಬರೆಯುವ ಪಾರ್ಶ್ವ ಅವನ ಗೆಳೆಯ. ವಯಸ್ಸು ಇವನಷ್ಟೇ, ಮುಖ ಮಾತ್ರ ಈಗತಾನೇ ಸುಲಿದ ಬಾಳೆಹಣ್ಣಿನ ಹಾಗೆ. ಇಷ್ಟು ದಿನ ಆ ಮುಖ ನೋಡಿ ಎಲ್ಲರ ಜೊತೆ ಸೇರಿ ಗೇಲಿ ಮಾಡುತ್ತಿದ್ದ ಸಿದರಾಯ, ಈಗ ಅವನನ್ನು ಗೋದಾಮಿನ ಹಿಂದೆ ಎಳೆದುಕೊಂಡು ಹೋಗಿ ಗುಟ್ಟು ಕೇಳಿದ.

"ಮೂವತ್ತ ದಾಟಿದ ಮ್ಯಾಲೆ ಚರ್ಮಕ್ಕ ದಿನಾ ಕಾಳಜಿ ಬೇಕೋ ದೋಸ್ತ," ಎಂದ ಪಾರ್ಶ್ವ. "ಮೊದಲ ಫೇಸ್‌ವಾಶ್, ಮ್ಯಾಲೆ ಒಂದ್ ಕ್ರೀಮ್. ಇಷ್ಟ ಸಾಕು. ಅದು ಹೊಂದಿತು ಅಂದ್ರ ಆಮ್ಯಾಲೆ ಸೀರಮ್. ಹಳೇ ಚರ್ಮಾ ಸುಲದು ಹೊಸಾದು ತರೂ ರೆಟಿನಾಲ್ ಕ್ರೀಮ್ ಎಲ್ಲಾದಕ್ಕಿಂತ ಕಡೀಕ, ಅದೂ ಬಟಾಣಿ ಕಾಳಿನಷ್ಟ. ಗಡಬಡಿ ಮಾಡಬ್ಯಾಡ. ಚರ್ಮಾ ಹೊಂದಾಕ ತಿಂಗಳಗಟ್ಟಲೆ ಬೇಕು."

ಸಿದರಾಯನ ಕೈಯಲ್ಲಿ ತಿಂಗಳುಗಳಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಭಟ್ಟಿಯ ಧರ್ಮ: ಕಬ್ಬಿಣ ಬೇಗ ಕರಗಬೇಕೆಂದರೆ ಉರಿ ಹೆಚ್ಚಿಸಬೇಕು. ಟಿಳಕವಾಡಿಯ ತಮ್ಮ ಓಣಿಯಿಂದ ದೂರದ ಅಂಗಡಿಯೊಂದಕ್ಕೆ ಹೋಗಿ, ಇಲ್ಲದ ತಂಗಿಯ ಹೆಸರು ಹೇಳಿ, ಇದ್ದುದರಲ್ಲಿ ಕಡಕ್ ಆದ ಬಾಟಲಿಗಳನ್ನೇ ಆರಿಸಿ ತಂದ. ಫೌಂಡ್ರಿಗೆ ಹಾಕಿಕೊಂಡು ಹೋಗುವ ಬೂಟಿನೊಳಗೆ ಬಚ್ಚಿಟ್ಟ. ಶನಿವಾರ ಸಂಜೆ ಬಚ್ಚಲಿನ ಬಾಗಿಲು ಹಾಕಿಕೊಂಡು ಎಲ್ಲವನ್ನೂ ಒಂದರ ಮೇಲೊಂದು, ಗೋಡೆಗೆ ಸುಣ್ಣ ಹೊಡೆದ ಹಾಗೆ ಬಳಿದುಕೊಂಡ. ಚುರುಚುರು ಎಂದಿತು. ಕೆಲಸ ಮಾಡುತ್ತಿದೆ ಎಂದುಕೊಂಡ. ಬೆಳಿಗ್ಗೆ ಎದ್ದವನು ಕನ್ನಡಿ ನೋಡದೆ ಇನ್ನೊಮ್ಮೆ ಬಳಿದ.

ಆಮೇಲೆ ಕನ್ನಡಿ ನೋಡಿದ. ಕನ್ನಡಿಯೊಳಗಿದ್ದವನು ಯಾರೋ ಬೇರೆ. ಹಣೆಯಿಂದ ಗದ್ದದವರೆಗೆ ಕೆಂಪಗೆ ಊದಿ, ಮೇಲೆ ಸಾಸಿವೆಯಂತಹ ಗುಳ್ಳೆ ಎದ್ದು, ಮೂಗಿನ ಅಕ್ಕಪಕ್ಕ ಚರ್ಮ ಸುಲಿಯುತ್ತಿತ್ತು. ಈ ಮುಖ ಹೀಗೆಯೇ ಉಳಿದುಬಿಟ್ಟರೆ? ಟವೆಲ್ಲಿನಿಂದ ಮುಚ್ಚಿಕೊಂಡು ಹೊರಗೆ ಬಂದವನಿಗೆ ಎದುರಾದದ್ದು ತಾಯಿ ಮಾಯಕ್ಕ.

"ಟವೆಲ್ ತಗಿಯೋ. ಯಾಕ ಮುಚಗೊಂಡಿ?" ಎಂದು ಎಳೆದಳು, ನೋಡಿದಳು, ಚೀರಿದಳು.

ಆ ಚೀರಾಟಕ್ಕೆ ಬಾಜು ಮನೆಯ ಫಕೀರವ್ವ ರೊಟ್ಟಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಓಣಿಯಲ್ಲಿ ಯಾರಿಗೆ ಏನಾದರೂ ಡಾಕ್ಟರಿಗಿಂತ ಮೊದಲು ನೋಡುವವಳು ಅವಳೇ. ಸಿದರಾಯನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. ಮರುಕ್ಷಣ ಕೈಬಿಟ್ಟು, ಸೆರಗು ತಲೆಗೆ ಹೊದ್ದು, ಎರಡೂ ಕೈ ಜೋಡಿಸಿದಳು.

"ಮಾಯಕ್ಕಾ, ಚೀರಬ್ಯಾಡ. ಇದು ರೋಗ ಅಲ್ಲ. ನಿಮ್ಮ ಮನಿಗೆ ತಾಯಿ ಬಂದಾಳ!"

ಮೈಮೇಲೆ ಹೀಗೆ ಗುಳ್ಳೆ ಎದ್ದರೆ ಅದನ್ನು ಬೇನೆ ಎನ್ನಬಾರದು, ದೇವಿಯೇ ಆ ಮೈಯಲ್ಲಿ ಬಂದು ಕೂತಿದ್ದಾಳೆ ಎನ್ನಬೇಕೆಂಬುದು ಹಳೆಯ ನಂಬಿಕೆ. ಅವಳು ಇಳಿದು ಹೋಗುವವರೆಗೆ ಮನೆಯಲ್ಲಿ ಒಗ್ಗರಣೆ ಇಲ್ಲ, ಜಗಳ ಇಲ್ಲ, ಹೊಸಿಲು ದಾಟುವಂತಿಲ್ಲ. ಮಾಯಕ್ಕ ಮಗನ ಕಾಲಿಗೆ ಬಿದ್ದಳು. ಹೆತ್ತ ತಾಯಿ ಕಾಲಿಗೆ ಬಿದ್ದದ್ದು ನೋಡಿ ಸಿದರಾಯನಿಗೆ ಗುಳ್ಳೆಗಿಂತ ಹೆಚ್ಚು ಭಯವಾಯಿತು.

ನಿಜ ಹೇಳಲು ಬಾಯಿ ತೆರೆದ. ಎದುರಿಗೆ ಫಕೀರವ್ವ. ಅವಳ ಕಿವಿಗೆ ಕ್ರೀಮಿನ ಸುದ್ದಿ ಬಿದ್ದರೆ ಮಧ್ಯಾಹ್ನದೊಳಗೆ ಟಿಳಕವಾಡಿ ತುಂಬ, ನಾಳೆ ಫೌಂಡ್ರಿ ತುಂಬ. ಭಟ್ಟಿಯ ಮುಂದಿನ ಗಂಡಸರು ತನ್ನನ್ನು ಜೀವ ಇರುವವರೆಗೆ ಬಿಡುವುದಿಲ್ಲ. ತೆರೆದ ಬಾಯಿ ಮುಚ್ಚಿದ.

ಅಷ್ಟರಲ್ಲಿ ಬಾಗಿಲಿಗೆ ಬೇವಿನ ಸೊಪ್ಪು ಬಂತು. ಮುಖಕ್ಕೆ ಬೇವು ಅರಿಶಿಣದ ಲೇಪ ಬಂತು. ಕೆಂಪು ಮುಖ ಈಗ ಹಳದಿ ಹಸಿರಾಯಿತು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೈಮುಗಿದು, ಮಕ್ಕಳ ಪರೀಕ್ಷೆ, ಗಂಡನ ಕುಡಿತ, ಸೊಸೆಯ ಬಾಯಿ, ಹೀಗೆ ತಮ್ಮತಮ್ಮ ಕಷ್ಟ ಹೇಳಿಕೊಳ್ಳತೊಡಗಿದರು. ಸಿದರಾಯ ಎಲ್ಲದಕ್ಕೂ ತಲೆಯಾಡಿಸುತ್ತ ಒಳಗೊಳಗೇ ಬೆವತ. ದೇವಿಯ ಹೆಸರಿನಲ್ಲಿ ಸುಳ್ಳು ನಡೆಸುತ್ತಿದ್ದೇನೆ, ಖರೇನೇ ಅವಳು ಸಿಟ್ಟಾಗಿ ಬಂದುಬಿಟ್ಟರೆ ಎಂಬ ಹೊಸ ಹೆದರಿಕೆ ಹಳೆಯದರ ಮೇಲೆ ಬಂದು ಕೂತಿತು.

"ಯವ್ವಾ, ಸಂಜಿಕ ಖಾನಾಪುರಕ್ಕ ಹೋಗಬೇಕಲ್ಲ?" ಎಂದ ಮೆಲ್ಲಗೆ.

"ಬಾಯಾಗ ಆ ಮಾತ ತರಬ್ಯಾಡ ನನ್ನಪ್ಪಾ! ತಾಯಿ ಮೈಮ್ಯಾಲೆ ಇದ್ದಾಗ ಮದುವಿ ಮಾತ ಆಡಬಾರದು. ಮುಂದಿನ ವರ್ಷ ನೋಡಿದರಾತು."

ಮುಂದಿನ ವರ್ಷ! ಹಿಂದೊಮ್ಮೆ ಮಳೆಯ ನೆಪಕ್ಕೆ ಬೇರೊಂದು ಹುಡುಗಿಯನ್ನು ನೋಡುವುದನ್ನು ಒಂದು ವಾರ ಮುಂದೂಡಿದ್ದಕ್ಕೇ ಆ ಹುಡುಗಿಯ ನಿಶ್ಚಯ ಬೇರೆ ಕಡೆ ಆಗಿಹೋಗಿತ್ತು. ಸಿದರಾಯ ಕದ್ದು ಪಾರ್ಶ್ವನಿಗೆ ಫೋನ್ ಮಾಡಿದ. ಇವತ್ತು ಹೇಗಾದರೂ ಹೋಗಬೇಕು, ತ್ರಿವೇಣಿಯ ಎದುರು ನಿಂತು ಇದ್ದ ಸಂಗತಿ ಇದ್ದ ಹಾಗೆ ಹೇಳಬೇಕು. ನಕ್ಕರೆ ನಗಲಿ, ನಗುವ ಹುಡುಗಿಯೇ ಅಲ್ಲವೇ?

ಹೆಂಗಸರು ಮೊಸರನ್ನ ಕಲಸಲು ಒಳಗೆ ಹೋದ ಸಮಯ ನೋಡಿ ಸಿದರಾಯ ಟವೆಲ್ ಹೆಗಲಿಗೆ ಹಾಕಿಕೊಂಡು ಹಿತ್ತಲಿನಿಂದ ಹಾರಿ ಪಾರ್ಶ್ವನ ಬೈಕ್ ಹತ್ತಿದ. ಪಾರ್ಶ್ವ ತಿರುಗಿ ನೋಡಿದವನು ಬೈಕನ್ನೇ ಬೀಳಿಸುತ್ತಿದ್ದ.

"ಏನಲೇ ಇದು! ಬಟಾಣಿ ಕಾಳಿನಷ್ಟ ಅಂದಿದ್ನಲ್ಲೋ!"

"ಮಾತಾಡಬ್ಯಾಡ, ಹೊಡಿ ಗಾಡಿ."

ಉದ್ಯಮಬಾಗ ದಾಟಿ ಮಚ್ಛೆ ಮುಟ್ಟುವಷ್ಟರಲ್ಲಿ ಲಾರಿಗಳ ಧೂಳೆಲ್ಲ ಅರಿಶಿಣಕ್ಕೆ ಅಂಟಿಕೊಂಡಿತು. ಬಿಸಿಲಿಗೆ ಲೇಪ ಒಣಗಿ ಬಿರಿಯಿತು. ಒಳಗೆ ಮುಖ ಉರಿಯುತ್ತಿತ್ತು. "ಹೊಳ್ಳಿ ಹೋಗೂಣೇನು?" ಎಂದು ದಾರಿಯುದ್ದಕ್ಕೂ ಅವನು ಕೇಳುವುದು, "ಹೂಂ ಅಂದ್ರ ಹೊಳ್ಳಸ್ತೀನಿ ನೋಡು," ಎಂದು ಪಾರ್ಶ್ವ ಅನ್ನುವುದು, "ಬ್ಯಾಡ ಬ್ಯಾಡ," ಎಂದು ಇವನೇ ತಡೆಯುವುದು ನಡೆದಿತ್ತು.

ಖಾನಾಪುರದಲ್ಲಿ ಬಂಡೆಪ್ಪನವರ ಓಣಿಗೆ ತಿರುಗಿದರೆ ಮನೆಯ ಮುಂದೆ ಜನವೋ ಜನ. ಸಿದರಾಯನ ಜೀವ ಬಾಯಿಗೆ ಬಂತು. ಬೂಟಿನೊಳಗಿನ ಬಾಟಲಿ ತಾಯಿಗೆ ಸಿಕ್ಕಿರಬೇಕು, ಸುದ್ದಿ ಇಲ್ಲಿಯವರೆಗೆ ಬಂದಿರಬೇಕು, ಇವರೆಲ್ಲ ಹೊಡೆಯಲು ನಿಂತಿರಬೇಕು. ಬೈಕ್ ನಿಂತದ್ದೇ ತಡ, ಗುಂಪಿನಲ್ಲಿ ಯಾರೋ ದೇವಿ ಬಂದಳೆಂದು ಮರಾಠಿಯಲ್ಲಿ ಕೂಗಿದರು:

"ದೇವಿ ಆಲೀ! ದೇವಿ ಆಲೀ!"

ಬಂಡೆಪ್ಪನವರು ಆರತಿ ತಟ್ಟೆ ಹಿಡಿದು ಮುಂದೆ ಬಂದರು. ಯಾರೋ ಕಾಲಿನ ಮೇಲೆ ಕೊಡ ನೀರು ಸುರಿದರು. ಮಗ ಕಾಣೆಯಾದದ್ದು ನೋಡಿ ಗಾಬರಿಯಾದ ಮಾಯಕ್ಕ, ಎಲ್ಲಿಗೆ ಹೋಗಿರಬಹುದೆಂದು ಊಹಿಸಿ ಮೊದಲೇ ಫೋನ್ ಮಾಡಿಬಿಟ್ಟಿದ್ದಳು: "ಮಗನ ಮೈಮ್ಯಾಲೆ ತಾಯಿ ಬಂದಾಳ್ರಿ. ನಿಮ್ಮ ಕಡೆ ಹೊಂಟಾಳ. ಸಂಭಾಳಿಸ್ರಿ."

"ಎಲ್ಲಾರ ಮನ್ಯಾಗ ಬರೇ ಬರತಾಳ," ಎಂದಳು ಬಂಡೆಪ್ಪನವರ ಮುದಿ ತಾಯಿ, ಕಣ್ಣೀರು ಒರೆಸಿಕೊಳ್ಳುತ್ತ. "ನಮ್ಮ ಮನಿಗೆ ಗಾಡಿ ಮಾಡಿಕೊಂಡು ಬಂದಾಳ! ಬಾರವ್ವಾ, ಒಳಗ ಬಾ."

ಸಿದರಾಯನನ್ನು ಪಡಸಾಲೆಯಲ್ಲಿ ಮಣೆಯ ಮೇಲೆ ಕೂರಿಸಿದರು. ಆಗ ತ್ರಿವೇಣಿ ಬಂದಳು. ಫೋಟೊಗಿಂತ ಚಂದ ಇದ್ದಳು. ಕೈಯಲ್ಲಿ ಚಹದ ತಟ್ಟೆ ಇರಲಿಲ್ಲ. ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಮೇಲೊಂದು ಕುಪ್ಪಸದ ಖಣ ಇಟ್ಟ ಮೊರ ಇತ್ತು. ದೇವಿಗೆ ಉಡಿ, ಎಂದರೆ ಮಡಿಲು, ತುಂಬುವ ಸಾಮಾನು.

ಅವಳು ಎದುರು ಕೂತು, ಸೆರಗು ಸರಿ ಮಾಡಿಕೊಳ್ಳುವ ನೆಪದಲ್ಲಿ ಮುಂದಕ್ಕೆ ಬಾಗಿ ಅವನ ಮುಖವನ್ನೇ ದಿಟ್ಟಿಸಿದಳು.

"ರೆಟಿನಾಲ್ ಏನ್ರಿ?" ಎಂದಳು ಅವನಿಗಷ್ಟೇ ಕೇಳುವಂತೆ.

ಸಿದರಾಯ ಟವೆಲ್ಲಿನಿಂದ ಮುಖ ಮುಚ್ಚಿಕೊಳ್ಳಲು ಹೋದ.

"ನಾನೂ ಮೊದಲ ಸಲಾ ಹಿಂಗ ಸುಟಗೊಂಡಿದ್ದೆ. ಖರೇ ಹೇಳ್ರಿ, ಅಂಜಬ್ಯಾಡ್ರಿ. ಅಪ್ಪಗ ನಾ ತಿಳಿಸಿ ಹೇಳತೀನಿ. ಆದರ ಈಗ ಹೇಳ್ರಿ. ಉಡಿ ತುಂಬಿದ ಮ್ಯಾಲೆ ಹೇಳಿದರ ಉಪಯೋಗ ಇಲ್ಲ."

ಅವಳ ಕಣ್ಣಲ್ಲಿ ಆ ಫೋನಿನ ನಗು ಇತ್ತು. ಹೇಳಿಬಿಡಬೇಕು ಎನಿಸಿತು. ಅವನು ತಲೆ ಎತ್ತಿದ. ಮಲ್ಲಕಂಬದಂತೆ ನಿಂತ ಬಂಡೆಪ್ಪನವರು, ಉರಿಯುವ ಆರತಿ, ಕೈಮುಗಿದ ಮುದುಕಿ, ಬಾಗಿಲ ತುಂಬ ಜನ. ದೇವಿಯೆಂದು ಇವರಿಂದ ಕಾಲು ತೊಳೆಸಿಕೊಂಡವನು ಈಗ ಕ್ರೀಮ್ ಎಂದರೆ ಇಲ್ಲಿಂದ ಕಾಲಿನ ಮೇಲೆ ಹೋಗುವುದುಂಟೇ? ಹೇಗೂ ಇಷ್ಟು ಭಕ್ತಿ ಇಟ್ಟಿದ್ದಾರೆ, ದೇವಿ ಬಂದ ವರನಿಗೆ ಹೆಣ್ಣು ಕೊಡದೆ ಇರುತ್ತಾರೆಯೇ ಎಂದು ಹೆದರಿದ ಮನಸ್ಸು ಲೆಕ್ಕ ಹಾಕಿತು.

"ಕ್ರೀಮ್ ಅಂದ್ರ ಏನಂತನೂ ನನಗ ಗೊತ್ತಿಲ್ರಿ," ಎಂದ. "ಇದು ತಾಯಿದ ಲೀಲಾ."

ತ್ರಿವೇಣಿ ಒಂದು ಗಳಿಗೆ ಅವನನ್ನು ನೋಡಿದಳು. ಕಣ್ಣಿನ ನಗು ಹೋಯಿತು.

"ಹಂಗಾದ್ರ ಆತು," ಎಂದು ಅವನ ಟವೆಲ್ಲಿನ ಚುಂಗು ಹರಡಿ ಅಕ್ಕಿ ಸುರಿದಳು, ಕಾಯಿ ಇಟ್ಟಳು, ಖಣ ಇಟ್ಟಳು. ಆಮೇಲೆ ಎರಡೂ ಪಾದ ಮುಟ್ಟಿ, ಎಲ್ಲರಿಗೂ ಕೇಳುವಂತೆ ಹೇಳಿದಳು: "ತಾಯಿ, ನಾ ನಿನ್ನ ಮಗಳು. ಆಶೀರ್ವಾದ ಮಾಡವ್ವಾ."

ಮುದುಕಿ ಬಿಕ್ಕಿಬಿಕ್ಕಿ ಅತ್ತಳು. "ಸಣ್ಣಾಕಿ ಇದ್ದಾಗ ತಾಯಿನ್ನ ಕಳಕೊಂಡ ಕೂಸು. ಇವತ್ತ ತಾಯಿ ಸಿಕ್ಕಳು!"

ಸಿದರಾಯ ಬಂಡೆಪ್ಪನವರ ಕಡೆ ತಿರುಗಿದ. "ಹಂಗಾದ್ರ... ಹುಡುಗಿ ನೋಡೂ ಕಾರ್ಯಕ್ರಮ?" ಎಂದ.

ಬಂಡೆಪ್ಪನವರು ನಾಲಿಗೆ ಕಚ್ಚಿಕೊಂಡು ಎರಡೂ ಕೆನ್ನೆ ಬಡಿದುಕೊಂಡರು. "ಶಿವ ಶಿವಾ! ತಾಯಿ ಅಂತ ಉಡಿ ತುಂಬ್ಯಾಳ, ಪಾದಾ ಮುಟ್ಟ್ಯಾಳ. ಇನ್ನ ಆ ಮಾತ ನಾವು ಆಡಬಾರದು, ನೀವು ಕೇಳಬಾರದು."

"ಅಲ್ರಿ, ಇದು ತಾಯಿ ಅಲ್ಲ, ಕ್ರೀಮ್ ಐತ್ರಿ!" ಸಿದರಾಯ ಮಣೆಯಿಂದ ಜಿಗಿದೆದ್ದ. ಅಕ್ಕಿ ಚೆಲ್ಲಾಪಿಲ್ಲಿಯಾಯಿತು. "ಬಾಟಲಿ ತಂದು ಹಚಗೊಂಡೀನಿ! ಬೇಕಾದರ ಈ ಪಾರ್ಶ್ವನ್ನ ಕೇಳ್ರಿ!"

ಎಲ್ಲರೂ ಪಾರ್ಶ್ವನ ಕಡೆ ತಿರುಗಿದರು. ಅವನ ಬಾಯಿ ತುಂಬ ಪ್ರಸಾದದ ಕೊಬ್ಬರಿ. ಅವನು ಜನರನ್ನು ನೋಡಿದ, ಬಂಡೆಪ್ಪನವರ ತೋಳು ನೋಡಿದ, ಕೊಬ್ಬರಿ ನುಂಗಿದ, ಕೈಮುಗಿದ.

"ನನಗೇನೂ ಗೊತ್ತಿಲ್ಲ, ತಾಯಿ," ಎಂದ.

"ಅವ್ವಗ ಸಿಟ್ಟ ಬಂದೈತಿ!" ಎಂದು ಮುದುಕಿ ಕೂಗಿದಳು. "ಇನ್ನೊಂದ್ ಕೊಡ ನೀರು ತರ್ರಿ!"

ಈ ಸಲ ನೀರು ತಲೆಯ ಮೇಲೆ ಬಿತ್ತು. ಅರಿಶಿಣ, ಬೇವು, ಧೂಳು ಎಲ್ಲ ಸೇರಿ ಅಂಗಿಯ ಮೇಲೆ ಇಳಿಯಿತು. ತೊಯ್ದು ತೊಪ್ಪೆಯಾದ ಸಿದರಾಯ ಮತ್ತೆ ಮಣೆಯ ಮೇಲೆ ಕುಸಿದು ಕೂತ. ಅಳು ಬಂತು, ಅತ್ತೇಬಿಟ್ಟ. ಜನ ಅದಕ್ಕೂ ಕೈಮುಗಿದರು.

ಹೊರಡುವ ಹೊತ್ತಿಗೆ ಬಂಡೆಪ್ಪನವರು ಮೆಟ್ಟಿಲವರೆಗೆ ಬಂದು ತಲೆ ಬಾಗಿಸಿ ನಿಂತರು.

"ಒಂದ್ ಬಿನ್ನಹ ಐತಿ. ಬರೂ ಐತವಾರ ಗೋಕಾಕದ ಕಡೆಯಿಂದ ನಮ್ಮ ತ್ರಿವೇಣಿನ್ನ ನೋಡಾಕ ಬರತಾರ. ಹುಡುಗ ಮಾಸ್ತರ ಅದಾನ. ತಾಯಿ ಜಾಗಾದಾಗ ನೀವ ಬಂದು ಕುಂದರಬೇಕು. ನೀವು ಹೂಂ ಅಂದ್ರನ ನಮ್ಮ ಹೂಂ."

ಸಿದರಾಯ ಉಡಿಯ ಗಂಟನ್ನು ಎದೆಗೆ ಒತ್ತಿ ಹಿಡಿದು ತ್ರಿವೇಣಿಯ ಕಡೆ ನೋಡಿದ. ಅವಳು ಬಾಗಿಲಿನ ಹತ್ತಿರ ಬಂದು, ಅವನ ಹೆಗಲ ಮೇಲೆ ಅಂಟಿದ್ದ ಬೇವಿನ ಎಲೆಯನ್ನು ಮೆಲ್ಲಗೆ ತೆಗೆದಳು.

"ಅವ್ವಾ, ಅಲ್ಲೀ ತನಕಾ ಮಾರಿಗೆ ಏನೂ ಹಚಗೋಬ್ಯಾಡ. ಬೀಗರ ಮುಂದ ನಮ್ಮವ್ವ ಚಂದ ಕಾಣಬೇಕು."