ನಡುವೆ ಎಂಟು ಹೆಜ್ಜೆ ರಸ್ತೆ ಇರುವ ಸಂಸಾರದ ಬಗ್ಗೆ

ಇಂದ:
ನಿಕಾನೋರ್ ಪಯಾರೆಸ್, ವಯಸ್ಸು ೬೩,
ದೋಣಿ ಮೋಟಾರು ರಿಪೇರಿ, ಮೀನುಗಾರರ ಬೀದಿ (ಎಡಬದಿ),
ಪುವೆರ್ತೊ ಸೆರೆನೊ, ಮಗ್ದಲೇನಾ ನದಿ ದಂಡೆ, ಕೊಲಂಬಿಯಾ.

ಗೆ:
ನೋಟರಿಯವರು, ಇದೇ ಊರು.

ವಿಷಯ: ಎದಿಲ್ಮಾ ರೋಸಾ (ಅದೇ ಬೀದಿ, ಬಲಬದಿ) ಮತ್ತು ನಾನು ಮದುವೆಯಿಲ್ಲದೆ ಕೂಡಿ ಬಾಳುತ್ತಿರುವ ಜೋಡಿಯೆಂದು ಪ್ರಮಾಣಪತ್ರ ಕೋರಿ.

ಉಲ್ಲೇಖ: ಕಳೆದ ಮಂಗಳವಾರ ತಮ್ಮ ಗುಮಾಸ್ತೆ ಬಾಯಿಮಾತಿನಲ್ಲಿ ಮಾಡಿದ ತಿರಸ್ಕಾರ.

ಮಾನ್ಯರೇ,

೧. ಎದಿಲ್ಮಾಳಿಗೆ ಬರುವ ಗುರುವಾರ ಬರಾಂಕಿಯಾದ ಆಸ್ಪತ್ರೆಯಲ್ಲಿ ಹೊಟ್ಟೆಯ ಆಪರೇಷನ್. ವಾರ್ಡಿನಲ್ಲಿ ರೋಗಿಯ ಪಕ್ಕದಲ್ಲಿರಲು ಗಂಡನಿಗೆ ಅಥವಾ ಕಾಗದವಿರುವ ಸಂಗಾತಿಗೆ ಮಾತ್ರ ಅವಕಾಶ. ಗಂಡನಲ್ಲದ ಕಾರಣ ನನಗೆ ಕಾಗದ ಬೇಕು.

೨. ಜೋಡಿಯೆನ್ನಿಸಿಕೊಳ್ಳಲು ಸೂರು, ಮಂಚ, ಮೇಜು ಮೂರನ್ನೂ ಹಂಚಿಕೊಂಡಿರಬೇಕೆಂದು ಗುಮಾಸ್ತೆ ತಿಳಿಸಿದರು. ಮೇಜಿನ ವಿಚಾರದಲ್ಲಿ ತಕರಾರಿಲ್ಲ. ಇಪ್ಪತ್ತೇಳು ವರ್ಷಗಳಿಂದ ಮೂರು ಹೊತ್ತೂ ಅವಳ ಮನೆಯಲ್ಲೇ ಮೀನು, ಮರಗೆಣಸು ಉಣ್ಣುತ್ತಿದ್ದೇನೆ. ಮಂಚದ ಬಗ್ಗೆ ಎದಿಲ್ಮಾ, "ಬುಧವಾರ, ಶನಿವಾರ, ಮಧ್ಯಾಹ್ನ ಊಟ ಆದ್ಮೇಲೆ" ಎಂದಳು. ಅಷ್ಟು ವಿವರ ಬೇಡವೆಂದರೂ ಗುಮಾಸ್ತೆ ಬರೆದುಕೊಂಡರು.

೩. ಕೆಟ್ಟದ್ದು ಸೂರಿನಲ್ಲಿ. ಗುಮಾಸ್ತೆ ಕೇಳಿದಾಗ ಎದಿಲ್ಮಾ ಹೇಳಿದ್ದು:

"ಸುಳ್ಳ್ಯಾಕೆ ಹೇಳ್ಲಿ ತಾಯಿ? ಅವರ ಮನೆ ಆ ಕಡೆ, ನಂದು ಈ ಕಡೆ."

"ಹಾಗಾದ್ರೆ ಇವ್ರು ನಿಮಗೇನಾಗ್ಬೇಕು ಅಮ್ಮಾ?"

"ಎದುರು ಮನೆಯವ್ರು."

ಈ ಉತ್ತರದಿಂದ ಅರ್ಜಿದಾರನಿಗೆ ತುಂಬಾ ನೋವಾಯಿತೆಂಬುದನ್ನು ಕಡತದಲ್ಲಿ ನಮೂದಿಸಬೇಕಾಗಿ ವಿನಂತಿ. ಮನೆಯ ದಾರಿಯಲ್ಲಿ ಹಾಗೇಕೆ ಅಂದೆಯೆಂದು ಕೇಳಿದೆ. "ಮತ್ತೇನು ಅನ್ಬೇಕಿತ್ತು ಮುದುಕಾ? ನಮ್ಮ ಸಂಬಂಧಕ್ಕೆ ಹೆಸರಿಟ್ಟೋರು ಯಾರು?" ಎಂದು ಅವಳು ನನಗೇ ದಬಾಯಿಸಿದಳು.

೪. ಎರಡು ಸೂರಿಗೆ ಕಾರಣ: ಮೊದಲ ವರ್ಷ ನಾನು ಅವಳ ಮನೆಯಲ್ಲಿ ಹನ್ನೊಂದು ದಿನ ಇದ್ದೆ. ಬೆಳಿಗ್ಗೆ ರೇಡಿಯೋ ಜೋರಾಗಿ ಹಾಕುತ್ತೇನೆಂಬ ಕಾರಣಕ್ಕೆ ಹನ್ನೊಂದನೆಯ ದಿನ ನನ್ನ ದಿಂಬು ರಸ್ತೆಗೆ ಬಿತ್ತು. "ದೂರದ ಬೆಟ್ಟವೇ ನುಣ್ಣಗೆ ಕಾಣೋದು. ನಿನ್ನ ಮನೇಲಿ ಮಲ್ಗು, ನನ್ನ ಮನೇಲಿ ಉಣ್ಣು" ಎಂದಳು. ದಿಂಬಿನ ಹಿಂದೆಯೇ ನಾನೂ ಹೋದೆ. ಆಮೇಲೆ ನಮ್ಮಲ್ಲಿ ದೊಡ್ಡ ಜಗಳವಾಗಿಲ್ಲ.

೫. ಆದ್ದರಿಂದ, ಕಾನೂನಿಗೆ ಎದುರಾಡುವ ಉದ್ದೇಶವಿಲ್ಲದ ಕಾರಣ, ಬುಧವಾರ ಬೆಳಿಗ್ಗೆ ಏಣಿ ಹಾಕಿ ನನ್ನ ಮನೆಯ ತಗಡುಗಳನ್ನೆಲ್ಲ ಬಿಚ್ಚಿ ಕೆಳಗಿಳಿಸಿದೆ. ಎದಿಲ್ಮಾ ಓಡಿ ಬಂದಳು.

"ಹುಚ್ಚು ಹಿಡೀತೇನೋ ನಿಂಗೆ? ಮಳೆಗಾಲ ಎದುರಿಗಿದೆ!"

"ಇನ್ಮೇಲೆ ಇರೋದೊಂದೇ ಸೂರು. ಬೇಕಾದ್ರೆ ನೋಟರಿ ಬಂದು ನೋಡ್ಲಿ."

ನಾನು ಇಳಿಯುವವರೆಗೆ ಅವಳು ಏಣಿ ಹಿಡಿದುಕೊಂಡಳು. ಕೊನೆಗೆ "ಗೋಡೆ ಕಡೆ ಮಲಗೋದು ನಾನು" ಎಂದು ಹೇಳಿ, ಬಾಗಿಲು ತೆರೆದಿಟ್ಟು ಒಳಗೆ ಹೋದಳು.

೬. ಒಂದೇ ಸೂರಿನಡಿ ಬಂದು ಇಂದಿಗೆ ಮೂರು ದಿನ. ನಿನ್ನೆ ದಿಂಬು ಮತ್ತೆ ರಸ್ತೆಗೆ ಬಿತ್ತು. ಈ ಸಲ ಅದನ್ನೆತ್ತಿಕೊಂಡು, ಧೂಳು ಕೊಡವಿ, ಒಳಗೇ ಬಂದೆ. ಅವಳು ಕಾಫಿ ಕೊಟ್ಟಳು.

೭. ಇಂದು ಬೆಳಿಗ್ಗೆ ಇದನ್ನೆಲ್ಲ ಅರಿಕೆ ಮಾಡಿಕೊಂಡಾಗ ತಮ್ಮ ಗುಮಾಸ್ತೆ, "ಮೂರು ದಿನ ಸಾಲಲ್ಲ ತಾತಾ, ಎರಡು ವರ್ಷ ಆಗ್ಬೇಕು" ಎಂದರು. ಆಪರೇಷನ್ ಚೆನ್ನಾಗಿ ಆದರೂ ಅವಳಿಗೆ ಉಳಿದಿರುವುದು ಒಂದು ವರ್ಷ ಎಂದು ಡಾಕ್ಟರು ನಮಗೆ ಹೇಳಿದ್ದಾರೆ.

ಕಾರಣ, ಕಳೆದ ಇಪ್ಪತ್ತೇಳು ವರ್ಷಗಳನ್ನು, ನಡುವಿನ ರಸ್ತೆಯನ್ನು ಮನ್ನಿಸಿ, ಒಂದೇ ಸೂರಿನಡಿಯ ವರ್ಷಗಳೆಂದೇ ಪರಿಗಣಿಸಿ ಗುರುವಾರಕ್ಕೆ ಮುಂಚೆ ಪ್ರಮಾಣಪತ್ರ ದಯಪಾಲಿಸಬೇಕೆಂದು ಪ್ರಾರ್ಥಿಸುತ್ತೇನೆ.

ಮನೆಯಿದ್ದೂ ಸೂರಿಲ್ಲದ,
ತಮ್ಮ ವಿಶ್ವಾಸಿ,
ನಿಕಾನೋರ್ ಪಯಾರೆಸ್

ಲಗತ್ತುಗಳು:
೧. ಆಸ್ಪತ್ರೆಯ ಪತ್ರ.
೨. ಬೋಳು ಮನೆಯ ಫೋಟೋ.
೩. "ಇವ್ರು ನಿಮಗೇನಾಗ್ಬೇಕು" ಎಂಬ ಪ್ರಶ್ನೆಗೆ ಎದಿಲ್ಮಾಳ ತಿದ್ದುಪಡಿ ಉತ್ತರ, ಸ್ವಹಸ್ತದಲ್ಲಿ, ಒಂದು ಸಾಲು. (ಲಕೋಟೆ ಅಂಟಿಸಿದ್ದಾಳೆ. ಅರ್ಜಿದಾರನಿಗೆ ಓದಲು ಕೊಟ್ಟಿಲ್ಲ.)

ವಿ.ಸೂ.: ನಿಯಮದಂತೆ ಎರಡು ವರ್ಷ ಆಗಲೇಬೇಕೆಂದಿದ್ದಲ್ಲಿ, ನಮ್ಮಿಬ್ಬರಿಗೂ ಪೂರ್ತಿ ಒಪ್ಪಿಗೆಯಿದೆ. ಆ ಎರಡು ವರ್ಷ ಮಂಜೂರು ಮಾಡುವ ಕಚೇರಿ ಯಾವುದೆಂದು ದಯವಿಟ್ಟು ತಿಳಿಸಿ.